ಒಂದೂ ಎನಿಯಾನ್ ಇಲ್ಲದ ಕಡೆ ಎನಿಯಾನ್ ಗುರುತು ಸಿಗುವುದು ಹೇಗೆ?

ಎನಿಯಾನ್ ಅಂದರೆ ಎರಡು ಆಯಾಮದ ಕ್ವಾಂಟಂ ವ್ಯವಸ್ಥೆಗಳಲ್ಲಿ ಕಾಣುವ ಒಂದು ವಿಶೇಷ ಬಗೆಯ ಕಣ. ಗ್ರೌಂಡ್ ಸ್ಟೇಟ್‌ನಲ್ಲಿ, ಅಂದರೆ ಶಕ್ತಿ ಅತಿ ಕಡಿಮೆ ಇರುವ ಸ್ಥಿತಿಯಲ್ಲಿ, ಎನಿಯಾನ್‌ಗಳೇ ಇರುವುದಿಲ್ಲ, ಹಾಗಿದ್ದರೂ ಅದರ ಎಂಟ್ಯಾಂಗಲ್‌ಮೆಂಟ್ (ಭಾಗಗಳ ನಡುವಿನ ಕ್ವಾಂಟಂ ಹೆಣಿಗೆ) ಲೆಕ್ಕ ಹಾಕಿ ಆ ಕಣಗಳ ಬಗ್ಗೆ ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ನನ್ನನ್ನು ಈ ವಿಷಯಕ್ಕೆ ಎಳೆದದ್ದೂ ಇದೇ ಪ್ರಶ್ನೆ.

ಭೌತವಿಜ್ಞಾನಿ ಕಿಟಾಯೆವ್ ಅವರ ಟೋರಿಕ್ ಕೋಡ್ ಅನ್ನುವ ಸರಳ ಮಾದರಿ ತೆಗೆದುಕೊಳ್ಳಿ. ಅದರ ಗ್ರೌಂಡ್ ಸ್ಟೇಟ್ ಅಂದರೆ ಮುಚ್ಚಿದ ಲೂಪ್‌ಗಳ ಎಲ್ಲಾ ಚಿತ್ರಗಳೂ ಸಮವಾಗಿ ಬೆರೆತ ಸ್ಥಿತಿ. ಲೂಪ್ ಎಲ್ಲಾದರೂ ತುಂಡಾದರೆ ಅದರ ತುದಿಯೇ ಒಂದು ಕಣ. ಈಗ ನಡುವೆ ಒಂದು ಜಾಗವನ್ನು ಗೆರೆ ಎಳೆದು ಬೇರೆ ಮಾಡಿ. ಒಳಗೆ ಹೋದ ಲೂಪ್ ಹೊರಗೆ ಬರಲೇಬೇಕು, ಅಲ್ವಾ? ಅಂದರೆ ಲೂಪ್‌ಗಳು ಗೆರೆ ದಾಟುವ ಸಂಖ್ಯೆ ಯಾವಾಗಲೂ ಸಮ. ಗೆರೆಯ ಮೇಲೆ L ಕೊಂಡಿಗಳಿದ್ದರೆ, ಪ್ರತಿಯೊಂದರಲ್ಲೂ ಲೂಪ್ ದಾಟಬಹುದು ಅಥವಾ ದಾಟದಿರಬಹುದು, ಆದರೆ ಕೊನೆಯದಕ್ಕೆ ಆ ಸ್ವಾತಂತ್ರ್ಯವೇ ಇಲ್ಲ. ಹಾಗಾಗಿ ಎಂಟ್ರೊಪಿ (ಒಳಗಿನ ಮತ್ತು ಹೊರಗಿನ ಭಾಗಗಳ ಎಂಟ್ಯಾಂಗಲ್‌ಮೆಂಟ್‌ನ ಅಳತೆ) L ಸಲ ln 2 (2ರ ನ್ಯಾಚುರಲ್ ಲಾಗ್) ಆಗುವುದಿಲ್ಲ, ಒಂದು ln 2 ಕಡಿಮೆ ಬರುತ್ತದೆ. ಗೆರೆ ಎಷ್ಟೇ ಉದ್ದ ಇರಲಿ, ಆ ಕೊರತೆ ಮಾತ್ರ ಬದಲಾಗದು. ತುದಿ ಇರಬಾರದು ಅನ್ನುವ ನಿಯಮವೇ ಎಂಟ್ರೊಪಿಯನ್ನೂ ಕಡಿಮೆ ಮಾಡುತ್ತದೆ, ತುದಿ ಬಂದರೆ ಅದು ಎಂಥ ಕಣ ಅನ್ನುವುದನ್ನೂ ನಿರ್ಧರಿಸುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಸುಂದರ ಅನ್ನಿಸುವುದು ಇದು.

2006ರಲ್ಲಿ ಕಿಟಾಯೆವ್–ಪ್ರೆಸ್ಕಿಲ್ ಮತ್ತು ಲೆವಿನ್–ವೆನ್, ಎರಡು ಜೋಡಿಗಳು ಬೇರೆ ಬೇರೆಯಾಗಿ ಇದನ್ನು ಎಲ್ಲಾ ಟೊಪಾಲಜಿಕಲ್ ಫೇಸ್‌ಗಳಿಗೂ (ಎನಿಯಾನ್‌ಗಳು ಹುಟ್ಟಬಲ್ಲ ಇಂಥ ದ್ರವ್ಯಸ್ಥಿತಿಗಳಿಗೂ) ಅನ್ವಯಿಸಿ ತೋರಿಸಿದರು. ಪ್ರತಿ ಬಗೆಯ ಕಣಕ್ಕೂ ಕ್ವಾಂಟಂ ಡೈಮೆನ್ಷನ್ ಅನ್ನುವ ಸಂಖ್ಯೆ ಇರುತ್ತದೆ (ಅಂಥ ಕಣ ಒಂದೊಂದು ಸೇರಿದಾಗ ಸಾಧ್ಯ ಸ್ಥಿತಿಗಳು ಸುಮಾರು ಎಷ್ಟು ಪಟ್ಟು ಹೆಚ್ಚುತ್ತವೆ ಅನ್ನುವುದು); ಅದನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದು, ಅದರ ಲಾಗ್ ತೆಗೆದುಕೊಂಡರೆ ಆ ಕೊರತೆ ಬರುತ್ತದೆ. ಟೋರಿಕ್ ಕೋಡ್‌ನಲ್ಲಿ 'ಕಣವಿಲ್ಲ' ಅನ್ನುವುದೂ ಸೇರಿ 4 ಬಗೆ, ಎಲ್ಲದರ ಡೈಮೆನ್ಷನ್ 1. ಆದ್ದರಿಂದ ln 2, ಅಂದರೆ 0.693. ಫಿಬೊನಾಚಿ ಎನಿಯಾನ್‌ನ ಡೈಮೆನ್ಷನ್ 1.618, ಅಲ್ಲಿ 0.643 ಬರುತ್ತದೆ.

ಆದರೆ ಈ ಒಂದೇ ಸಂಖ್ಯೆ ನಂಬಿ ಕೂರಬೇಡಿ. ಡಬಲ್ ಸೆಮಿಯಾನ್ ಅನ್ನುವ ಬೇರೆಯದೇ ಫೇಸ್‌ಗೂ ln 2 ಬರುತ್ತದೆ, ಅದರ ಕಣಗಳ ಸ್ವಭಾವ ಮಾತ್ರ ಬೇರೆ. ಈ ಎರಡು ಫೇಸ್‌ಗಳನ್ನು ಬೇರ್ಪಡಿಸಲು ಟೋರಸ್ (ಬಳೆಯಂಥ ಮೇಲ್ಮೈ) ಮೇಲಿನ ಹಲವು ಗ್ರೌಂಡ್ ಸ್ಟೇಟ್‌ಗಳಲ್ಲಿ ಎಂಟ್ಯಾಂಗಲ್‌ಮೆಂಟ್ ಅತಿ ಕಡಿಮೆ ಇರುವವನ್ನು ಆರಿಸಬೇಕು. ಟೋರಸ್ ಅನ್ನು ಎರಡು ದಿಕ್ಕುಗಳಲ್ಲಿ ಕತ್ತರಿಸಿ ಹೀಗೆ ಆರಿಸಿದವನ್ನು ಹೋಲಿಸಿದರೆ, ಕಣಗಳು ಒಂದನ್ನೊಂದು ಸುತ್ತಿದಾಗ ಏನಾಗುತ್ತದೆ ಅನ್ನುವುದೂ ಸಿಗುತ್ತದೆ.

ಇದು ಸುಮ್ನೆ ಕಾಗದದ ಲೆಕ್ಕವಲ್ಲ. 2021ರಲ್ಲಿ ಗೂಗಲ್ ತಂಡ 31 ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರ್‌ನ ಬಿಟ್‌ಗಳ) ಮೇಲೆ ಟೋರಿಕ್ ಕೋಡ್ ಸ್ಥಿತಿ ತಯಾರಿಸಿ ಎಂಟ್ರೊಪಿ ಅಳೆಯಿತು. ಕೊರತೆ ln 2ಕ್ಕೆ ಹತ್ತಿರವೇ ಬಂತು.