"ನಿರ್ಧಾರ ನಿಮ್ಮದು" ಅಂದರೆ ಕೈಬಿಟ್ಟರು ಅಂತಲ್ಲ

ತಂಗಿ,

ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೆಯುತ್ತೇನೆ. ತೀರ್ಥಹಳ್ಳಿಯಿಂದ ಇಂಗ್ಲೆಂಡಿಗೆ ಬಂದು ಐದು ತಿಂಗಳು, ಬಸುರಿಗೆ ಈಗ ಹದಿಮೂರು ವಾರ, ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಸಾಧ್ಯತೆ 110ರಲ್ಲಿ 1 ಅಂತ ವರದಿ ಬಂದಿದೆ. ಬಸುರಿಯರನ್ನು ನೋಡಿಕೊಳ್ಳುವ ಮಿಡ್‌ವೈಫ್ ಮೂರು ದಾರಿ ತೋರಿಸಿ "ನಿರ್ಧಾರ ನಿಮ್ಮದು" ಅಂದರಂತೆ. ಊರಲ್ಲಾಗಿದ್ದರೆ ಡಾಕ್ಟರೇ ಹೇಳಿಬಿಡುತ್ತಿದ್ದರು, ಇಲ್ಲಿ ಹೀಗೇಕೆ, ಸೂಜಿ ಚುಚ್ಚಿಸಿಕೊಳ್ಳಲೋ ಬೇಡವೋ ಅಂತ ಕೇಳಿದ್ದೀಯ.

ಮೊದಲು ಆ ಸಂಖ್ಯೆಯ ಭಯ ಇಳಿಸೋಣ. ಮಡಿಯಲ್ಲಿ 110 ಅಡಿಕೆ ಸಸಿ ಇವೆ ಅಂದುಕೋ. ಒಂದೊಂದು ಸಸಿಯೂ ನಿನ್ನಂಥದೇ ವರದಿ ಬಂದ ಒಬ್ಬೊಬ್ಬಳ ಮಗು ಅಂತಿಟ್ಟುಕೋ. ಅವುಗಳಲ್ಲಿ 109 ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ, ಒಂದಕ್ಕೆ ಇರುತ್ತದೆ. ಈ ಪರೀಕ್ಷೆಗೆ ಇಲ್ಲಿ ಕಂಬೈನ್ಡ್ ಟೆಸ್ಟ್ ಅನ್ನುತ್ತಾರೆ, ನಮ್ಮ ಕಡೆ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಅಂತ ಬರೆದುಕೊಡುವುದೂ ಇದನ್ನೇ. ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ, ನಿನ್ನ ರಕ್ತದಲ್ಲಿರುವ ಎರಡು ಅಂಶ, ನಿನ್ನ ವಯಸ್ಸು, ಇವನ್ನೆಲ್ಲ ಸೇರಿಸಿ ಕಂಪ್ಯೂಟರ್ ಹಾಕಿದ ಲೆಕ್ಕ ಅದು. ಮಗುವಿನ ಜೀವಕೋಶದಲ್ಲಿರುವ ವರ್ಣತಂತುವನ್ನು, ಅಂದರೆ ಕ್ರೋಮೋಸೋಮನ್ನು, ಇನ್ನೂ ಯಾರೂ ನೋಡಿಲ್ಲ. ಇಂಗ್ಲೆಂಡಿನಲ್ಲಿ 150ರಲ್ಲಿ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ "ಹೆಚ್ಚಿನ ಸಾಧ್ಯತೆ" ಅನ್ನುತ್ತಾರೆ. ಊರಿನ ಕಡೆ ಅನೇಕ ಲ್ಯಾಬ್‌ಗಳು 250ರ ಗೆರೆ ಹಾಕುತ್ತವೆ. ಹಾಗಾಗಿ 200ರಲ್ಲಿ 1 ಬಂದವಳು ಅಲ್ಲಿ ಹೆಚ್ಚಿನ ಸಾಧ್ಯತೆಯವಳು, ಇಲ್ಲಿ ಕಡಿಮೆ ಸಾಧ್ಯತೆಯವಳು. ಗೆರೆ ಹಾಕಿದ್ದು ಮನುಷ್ಯರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ್ರಹಣ ನೋಡಿದ್ದಕ್ಕೆ, ಪಪ್ಪಾಯ ತಿಂದಿದ್ದಕ್ಕೆ, ವಿಮಾನ ಹತ್ತಿದ್ದಕ್ಕೆ ಇದು ಬರುವುದಿಲ್ಲ. ಸಾಮಾನ್ಯವಾಗಿ ಅಂಡ ತಯಾರಾಗುವಾಗ 21ನೇ ವರ್ಣತಂತುವಿನ ಜೋಡಿ ಬೇರೆಯಾಗದೆ ಉಳಿದು, ಮಗುವಿಗೆ 46ರ ಬದಲು 47 ಬರುತ್ತವೆ. ತಾಯಿಯ ವಯಸ್ಸು ಹೆಚ್ಚಿದಂತೆ ಇದು ಹೆಚ್ಚುತ್ತದೆ: 20ರ ವಯಸ್ಸಲ್ಲಿ ಸುಮಾರು 1500ಕ್ಕೆ 1, 40ರಲ್ಲಿ ಸುಮಾರು 100ಕ್ಕೆ 1. ಸೋದರಮಾವನ ಮಗನನ್ನು ಮದುವೆಯಾಗಿದ್ದಕ್ಕೆ ಹೀಗಾಯಿತಾ ಅಂತ ಕೇಳಿದ್ದೀಯ. ಇಲ್ಲ. ಹತ್ತಿರದ ಸಂಬಂಧದಲ್ಲಿ ಹೆಚ್ಚುವುದು ರಕ್ತದ ಕಾಯಿಲೆಯಾದ ತಲಸ್ಸೇಮಿಯಾದಂಥ ಒಂದೊಂದೇ ಜೀನಿನ ಕಾಯಿಲೆಗಳು, ಅವು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಸಂಬಂಧದಲ್ಲಿ ಮದುವೆ ಅನ್ನುವುದನ್ನು ಮಿಡ್‌ವೈಫ್‌ಗೆ ಮುಚ್ಚಿಡಬೇಡ. ತಲಸ್ಸೇಮಿಯಾ ರಕ್ತಪರೀಕ್ಷೆಯ ಫಲ ಬಂದಿದೆಯಾ ಅಂತಲೂ ಕೇಳು.

ಈಗ ಮೂರು ದಾರಿ. ಮುಂದೆ ಏನೂ ಮಾಡಿಸದೆ ಇರುವುದು ಒಂದು. ನಿನ್ನ ತೋಳಿನಿಂದ ರಕ್ತ ತೆಗೆದು ಮಾಡುವ ಎನ್‌ಐಪಿಟಿ ಎರಡನೆಯದು. ಸೂಜಿ ಪರೀಕ್ಷೆ ಮೂರನೆಯದು. ನಿನ್ನಂಥ ವರದಿ ಬಂದವರಿಗೆ ಎನ್‌ಐಪಿಟಿ ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ, 2021ರಿಂದ. ಖಾಸಗಿಗೆ ಓಡಬೇಡ.

ಎನ್‌ಐಪಿಟಿಯಲ್ಲಿ ನೋಡುವುದು ಮಾಸಿನಿಂದ ನಿನ್ನ ರಕ್ತಕ್ಕೆ ಸೋರಿಬಂದ ಡಿಎನ್‌ಎ ಚೂರುಗಳನ್ನು. ಮಗುವಿಗೆ ಇದರಿಂದ ಏನೂ ಅಪಾಯವಿಲ್ಲ. ಡೌನ್ ಸಿಂಡ್ರೋಮನ್ನು ಹಿಡಿಯುವುದರಲ್ಲಿ ಬಹಳ ಗಟ್ಟಿ, ಆದರೂ ಅದು ಅಂತಿಮವಲ್ಲ. ಮಾಸಿನಲ್ಲಿ ತೊಂದರೆ ಇದ್ದು ಮಗುವಿನಲ್ಲಿ ಇಲ್ಲದಿರಬಹುದು. ಅವಳಿಯಲ್ಲಿ ಒಂದು ಮೊದಲೇ ಕರಗಿಹೋಗಿದ್ದರೆ ಅದರ ಡಿಎನ್‌ಎ ದಾರಿ ತಪ್ಪಿಸಬಹುದು. ತಾಯಿಯ ತೂಕ ಹೆಚ್ಚಿದ್ದರೆ ಮಗುವಿನ ಪಾಲು ತೆಳುವಾಗಿ ಫಲವೇ ಬರದಿರಬಹುದು. 18 ಅಥವಾ 13ನೇ ವರ್ಣತಂತು ಒಂದು ಹೆಚ್ಚಾಗಿ ಬರುವ ಎಡ್ವರ್ಡ್ಸ್ ಮತ್ತು ಪಟೌ ಸಿಂಡ್ರೋಮ್‌ಗಳಲ್ಲಿ ತಪ್ಪು ಎಚ್ಚರಿಕೆ ಇನ್ನೂ ಹೆಚ್ಚು. ಹಾಗಾಗಿ ಎನ್‌ಐಪಿಟಿ ಹೆಚ್ಚಿನ ಸಾಧ್ಯತೆ ಅಂದಾಕ್ಷಣ ಗರ್ಭದ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಖಚಿತ ಮಾಡುವುದು ಸೂಜಿ ಪರೀಕ್ಷೆ ಮಾತ್ರ.

ಸೂಜಿಯಲ್ಲಿ ಎರಡು ಬಗೆ. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆಯುವುದು ಸಿವಿಎಸ್. 15 ವಾರದ ನಂತರ ಗರ್ಭನೀರು ತೆಗೆಯುವುದು ಆಮ್ನಿಯೊಸೆಂಟಿಸಿಸ್. ಅವಸರ ಮಾಡಿ ಮುಂಚೆಯೇ ಮಾಡಿಸಿದರೆ ಗರ್ಭಪಾತದ ಭಯ ಹೆಚ್ಚು, ಮಗುವಿನ ಕೈಕಾಲಿಗೂ ತೊಂದರೆಯಾಗಬಹುದು. ಅದಕ್ಕೇ ವಾರಗಳ ಈ ಕಟ್ಟುನಿಟ್ಟು. ಸಿವಿಎಸ್‌ನಲ್ಲಿ ಉತ್ತರ ಬೇಗ ಬರುತ್ತದೆ. ಆದರೆ ನೂರರಲ್ಲಿ ಒಂದೆರಡು ಸಲ ಮಾಸಿನ ಜೀವಕೋಶಗಳಲ್ಲಿ ಬೆರಕೆ ಕಂಡು ಉತ್ತರ ಮಸುಕಾಗುತ್ತದೆ, ಆಗ ಮತ್ತೆ ಗರ್ಭನೀರು ತೆಗೆಯಬೇಕಾಗುತ್ತದೆ. ಪರೀಕ್ಷೆಯಿಂದಲೇ ಗರ್ಭಪಾತ ಆಗುವ ಸಾಧ್ಯತೆ ಎರಡರಲ್ಲೂ 200ಕ್ಕೆ 1ಕ್ಕಿಂತ ಕಡಿಮೆ. ಊರಲ್ಲಿ ನೂರಕ್ಕೆ ಒಂದು ಅಂತ ಹೇಳಿದ್ದರೆ ಅದು ಹಳೆಯ ಲೆಕ್ಕ.

ಆಮ್ನಿಯೊ ಹೇಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿಸಿ, ಹೊಟ್ಟೆಯನ್ನು ಔಷಧಿ ನೀರಿನಿಂದ ಒರೆಸುತ್ತಾರೆ. ಸ್ಕ್ಯಾನ್ ನೋಡುತ್ತಲೇ ಮಗು ಇಲ್ಲದ ಕಡೆ ನೀರಿನ ಒಂದು ತೆರಪು ಹುಡುಕುತ್ತಾರೆ. ಉದ್ದನೆಯ ತೆಳು ಸೂಜಿ ಒಳಗೆ ಹೋಗುವಾಗ ಮೊದಲು ಚುರುಕ್ ಅನ್ನುತ್ತದೆ, ಗರ್ಭಕೋಶದ ಗೋಡೆ ದಾಟುವಾಗ ಮುಟ್ಟಿನ ನೋವಿನ ಹಾಗೆ ಒಂದು ಹಿಡಿತ. ಸಿರಿಂಜಿನಲ್ಲಿ ತಿಳಿಹಳದಿ ನೀರು 15ರಿಂದ 20 ಮಿಲಿಲೀಟರ್, ಅಂದರೆ ಮೂರು ನಾಲ್ಕು ಟೀ ಚಮಚ. ಮಗು ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಸೂಜಿ ಒಳಗಿರುವುದು ಕೆಲವೇ ನಿಮಿಷ. ಮಗು ಅಡ್ಡ ಬಂದರೆ ಎರಡನೇ ಸಲ ಚುಚ್ಚಬೇಕಾಗಬಹುದು.

ನಿನ್ನ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳು, ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಹೋಗುವಾಗ ಗಂಡನನ್ನು ಕರೆದುಕೊಂಡು ಹೋಗು. ಆ ದಿನವೂ ಮಾರನೇ ದಿನವೂ ಭಾರ ಎತ್ತಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೇನ್ ಬೇಡ. ಚಳಿಜ್ವರ, ಕೆಳಗಿನಿಂದ ನೀರು ಸೋರುವುದು, ರಕ್ತ, ನಿಲ್ಲದ ನೋವು, ಇವುಗಳಲ್ಲಿ ಯಾವುದೇ ಆದರೂ ಬೆಳಗಾಗಲಿ ಅಂತ ಕಾಯದೆ ಕೊಟ್ಟ ನಂಬರಿಗೆ ಫೋನ್ ಮಾಡು. ಡೌನ್, ಎಡ್ವರ್ಡ್ಸ್, ಪಟೌ ಮೂರಕ್ಕೆ ಉತ್ತರ ಸಾಮಾನ್ಯವಾಗಿ ಮೂರು ಕೆಲಸದ ದಿನದಲ್ಲಿ ಬರುತ್ತದೆ, ಉಳಿದ ವರ್ಣತಂತುಗಳನ್ನೂ ನೋಡುವುದಿದ್ದರೆ ಎರಡು ವಾರ ಹಿಡಿಯಬಹುದು. ಫೋನಿನಲ್ಲಿ ಹೇಳಬೇಕೋ ಎದುರಿಗೋ ಅಂತ ಮೊದಲೇ ತಿಳಿಸಿಬಿಡು. ಕೆಲಸದ ಮಧ್ಯೆ ಬಸ್ಸಿನಲ್ಲಿ ಆ ಫೋನ್ ಎತ್ತುವ ಹಾಗಾಗಬಾರದು. ಲ್ಯಾಬಿನವರಿಗೆ ಗಂಡೋ ಹೆಣ್ಣೋ ಅನ್ನುವುದೂ ಕಾಣುತ್ತದೆ. ಊರಿಂದ ಆ ಪ್ರಶ್ನೆ ಬಂದೇ ಬರುತ್ತದೆ, ನಮಗೆ ಹೇಳಬೇಡಿ ಅಂತ ಬರೆಸಿಬಿಡುವುದು ಒಳ್ಳೆಯದು.

ನೀನು ಮೊದಲು ಕೇಳಿಕೊಳ್ಳಬೇಕಾದದ್ದು ಸೂಜಿಯ ಪ್ರಶ್ನೆ ಅಲ್ಲ. ಉತ್ತರ ಹೌದು ಅಂತ ಬಂದರೆ ನೀವಿಬ್ಬರೂ ಏನು ಮಾಡುತ್ತೀರಿ? ಬಸುರಿ ಮುಂದುವರಿಸುವುದೇ ಖಂಡಿತ, ಹುಟ್ಟುವ ತನಕ ತಿಳಿಯದಿದ್ದರೂ ನಡೆಯುತ್ತದೆ ಅಂದರೆ ಸೂಜಿ ಬೇಡ. 20 ವಾರದ ಸ್ಕ್ಯಾನ್ ಹೇಗೂ ಇದೆ. ಮುಂದುವರಿಸುತ್ತೇವೆ, ಆದರೆ ಗೊತ್ತಿದ್ದು ಸಿದ್ಧವಾಗಬೇಕು ಅಂದರೆ ಅದಕ್ಕೂ ಪರೀಕ್ಷೆ ಮಾಡಿಸಬಹುದು. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದ ತೊಂದರೆ ಇರುತ್ತದೆ, ಹೆರಿಗೆ ಎಲ್ಲಿ ಅನ್ನುವುದನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಬಹುದು. ಕಲಿಕೆ ನಿಧಾನ, ಎಷ್ಟು ನಿಧಾನ ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಈಗ ಅನೇಕರು 60 ವರ್ಷದವರೆಗೂ ಬದುಕುತ್ತಾರೆ. ಮುಂದುವರಿಸಲಾರೆವು ಅನ್ನಿಸಿದರೆ ಅದಕ್ಕೂ ಇಲ್ಲಿ ಕಾನೂನಿನ ದಾರಿ ಇದೆ. ಯಾವ ಕಡೆ ಹೋದರೂ ನಿನ್ನನ್ನು ಯಾರೂ ವಿಚಾರಣೆ ಮಾಡುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀಯ, ಹೇಳುತ್ತೇನೆ. ಕತ್ತಿನ ನೀರು 3.5 ಮಿಲಿಮೀಟರಿಗಿಂತ ಕಡಿಮೆ ಇದ್ದು ಸ್ಕ್ಯಾನಿನಲ್ಲಿ ಬೇರೇನೂ ಕಾಣದಿದ್ದರೆ, ಎನ್‌ಐಪಿಟಿ ಮೊದಲು ಮಾಡಿಸುವುದು ಸರಿ. ಉತ್ತರ ಬರುವಷ್ಟರಲ್ಲಿ 15 ವಾರ ಆಗಿರುತ್ತದೆ, ಬೇಕಾದರೆ ಆಗ ಆಮ್ನಿಯೊ. 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎನ್‌ಐಪಿಟಿ ನೋಡದ ಬೇರೆ ವರ್ಣತಂತು ತೊಂದರೆಗಳೂ ಹೃದಯದ ತೊಂದರೆಯೂ ಇರಬಹುದು. ಆಗ ನೇರ ಸೂಜಿ ಪರೀಕ್ಷೆಯ ಬಗ್ಗೆಯೇ ಮಾತಾಡು.

ಶಿವಮೊಗ್ಗಕ್ಕೆ ಬಂದುಬಿಡು ಅಂತ ಅತ್ತೆ ಹೇಳುತ್ತಿದ್ದಾರಂತೆ. ಅಲ್ಲಿ ಸಂಶಯ ಬಂದರೂ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ, ಇಲ್ಲ ಬೆಂಗಳೂರಿಗೋ ಕಳಿಸುತ್ತಾರೆ. ಮಾಡುವುದು ಇದೇ ಪರೀಕ್ಷೆ, ಹೋಗಿ ಬರುವುದರಲ್ಲಿ ವಾರಗಳು ಕಳೆಯುತ್ತವೆ. ಸಿಗಂದೂರಿಗೆ ಹರಕೆ ಹೇಳಿಕೊಳ್ಳಲಿ, ಅದಕ್ಕೆ ಅಡ್ಡಿಯಿಲ್ಲ. ಅವರಿಗೆ ಯಾವಾಗ, ಎಷ್ಟು ಹೇಳಬೇಕು ಅನ್ನುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಕೇಳೋಕೆ ಯಾರೂ ಇಲ್ಲ ಅಂದೆಯಲ್ಲ, ಎಆರ್‌ಸಿ (Antenatal Results and Choices) ಅನ್ನುವ ಸಂಸ್ಥೆ ಇದಕ್ಕೆಂದೇ ಇದೆ, ಫೋನ್ ಮಾಡಿ ಕೇಳಬಹುದು, ಯಾವ ಕಡೆಗೂ ತಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿ ಬೇಕು ಅಂತ ಹೇಳು, ದುಡ್ಡು ಕೊಡಬೇಕಿಲ್ಲ. ಗಂಡನೇ ಅನುವಾದ ಮಾಡಲಿ ಅಂತ ಬಿಡಬೇಡ, ಅವನೂ ಆ ಹೊತ್ತಿನಲ್ಲಿ ನಿನ್ನಷ್ಟೇ ಹೆದರಿರುತ್ತಾನೆ.

ನಿನ್ನ ಪತ್ರದಲ್ಲಿ ಕತ್ತಿನ ನೀರಿನ ಅಳತೆ ಇಲ್ಲ. ಸ್ಕ್ಯಾನ್ ವರದಿಯಲ್ಲಿ ಎನ್‌ಟಿ ಅಂತ ಬರೆದ ಪಕ್ಕದಲ್ಲಿ ಮಿಲಿಮೀಟರಿನಲ್ಲಿರುತ್ತದೆ. ಇವತ್ತೇ ನೋಡಿ ಬರೆ.