ವಿಂಚ್ ಹಾಕಿಸಿದರೆ ದೊಡ್ಡ ಆಲ್ಟರ್ನೇಟರ್ ಬೇಕೇ?

ಪ್ರಶ್ನೆ: ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಹಳೆಯ ಡೀಸೆಲ್ ಜೀಪು ಓಡಿಸುತ್ತೇನೆ. ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟರ್), ಎರಡು ಎಲ್‌ಇಡಿ ಲೈಟು ಹಾಕಿಸಿದ್ದೇನೆ. ಈಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಟ್ಟಿದೆ. ಕಂಪನಿಯ 65 ಆಂಪಿಯರ್‌ನದೇ ಹಾಕಿಸಲಾ, ಹೊರಗಡೆ ಸಿಗುವ 150 ಆಂಪಿಯರ್‌ನದು ತಗೊಳ್ಳಲಾ?

ಉತ್ತರ: ವಿಂಚಿಗೋಸ್ಕರ ಅಂತಾದರೆ ದೊಡ್ಡದು ಬೇಡ. ಹೂತ ಗಾಡಿಯನ್ನು ಪೂರ್ತಿ ಭಾರದಲ್ಲಿ ಎಳೆಯುವಾಗ ವಿಂಚ್ 400 ಆಂಪಿಯರ್‌ವರೆಗೂ ಎಳೆದುಕೊಳ್ಳಬಹುದು. 65 ಆಗಲಿ 150 ಆಗಲಿ, ಅದಕ್ಕೆ ಸಾಲದು. ಆಗ ದುಡಿಯುವುದು ಬ್ಯಾಟರಿ. ಒಳ್ಳೆ ಬ್ಯಾಟರಿ, ದಪ್ಪ ಕೇಬಲ್ ಹಾಕಿಸಿ. ಇಂಜಿನ್ ಆಫ್ ಮಾಡದೆ, ಸ್ವಲ್ಪ ಎಳೆದು ಸ್ವಲ್ಪ ಬಿಡುವು ಕೊಡಿ.

ನಿಮ್ಮ ಎರಡು ಲೈಟು ತಲಾ 60 ವ್ಯಾಟ್ ಅಂದುಕೊಂಡರೂ ಒಟ್ಟು 9 ಆಂಪಿಯರ್ ಆಸುಪಾಸು. ಹೆಡ್‌ಲೈಟ್, ವೈಪರ್, ಬ್ಲೋವರ್ ಸೇರಿದರೂ 65ರದು ಧಾರಾಳ ಸಾಕು. ಆದರೆ ಡಬ್ಬದ ಮೇಲಿನ ಅಂಕಿ ಇಂಜಿನ್ ಜೋರಾಗಿ ತಿರುಗುವಾಗಿನದು. ಕಲ್ಲುದಾರಿಯಲ್ಲಿ ನೀವು ಐಡಲ್ (ಆಕ್ಸಿಲರೇಟರ್ ಒತ್ತದಾಗಿನ ಇಂಜಿನ್ ವೇಗ) ಹತ್ತಿರವೇ ತೆವಳುತ್ತೀರಿ, ಅಲ್ವಾ? ಅಲ್ಲಿ ಸಿಗುವುದು ಅದರ ಅರ್ಧವೋ, ಇನ್ನೂ ಕಡಿಮೆಯೋ. ಕೆಲವು 150ರವು ಐಡಲ್‌ನಲ್ಲಿ ಕಂಪನಿಯದಕ್ಕಿಂತ ಜಾಸ್ತಿಯೇನೂ ಕೊಡುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬ್ರೇಕು. ನಮ್ಮ ಅನೇಕ ಡೀಸೆಲ್ ಗಾಡಿಗಳಲ್ಲಿ ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನಿಂದ ಗಾಳಿ ಹೀರುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರ್ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಿಂಭಾಗದಲ್ಲಿ ಒಂದು ದಪ್ಪ ವ್ಯಾಕ್ಯೂಮ್ ಪೈಪು, ಜತೆಗೆ ಆಯಿಲ್ ಬಂದುಹೋಗುವ ಪೈಪುಗಳು ಕಂಡರೆ ನಿಮ್ಮದೂ ಅಂಥದೇ. ಪಂಪಿಲ್ಲದ ಆಲ್ಟರ್ನೇಟರ್ ಕೂರಿಸಿದರೆ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿಸ್ಲೆ ಘಾಟಿ ಇಳಿಯುವ ಗಾಡಿಯಲ್ಲಿ ಇದರ ಜತೆ ಆಟ ಬೇಡ. ಆ ಪಂಪು ಆಯಿಲ್ ಸೋರಿದರೂ ಆಲ್ಟರ್ನೇಟರ್ ಒಳಗಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಹಾಳಾಗುತ್ತದೆ. ನಿಮ್ಮದು ಕೆಟ್ಟಿದ್ದು ಸೋರಿಕೆಯಿಂದಲೋ, ಕೆಸರು ನುಗ್ಗಿಯೋ, ಬಿಚ್ಚಿ ನೋಡಿಸಿ. ಕಾರಣ ಹುಡುಕದೆ ಸುಮ್ನೆ ಹೊಸದು ಹಾಕಿಸಿದರೆ ಅದೂ ಹೋಗುತ್ತದೆ.

ಹಾಗಾಗಿ ನಿಮಗೆ ನನ್ನ ಸಲಹೆ ಕಂಪನಿಯದೇ. ಹಾಕಿಸಿದ ಮೇಲೆ ಐಡಲ್‌ನಲ್ಲಿ ಎಲ್ಲ ಲೈಟು ಹೊತ್ತಿಸಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 13.5 ವೋಲ್ಟ್ ದಾಟಿದರೆ ಚಿಂತೆ ಬೇಡ. 13ಕ್ಕಿಂತ ಕೆಳಗಿಳಿದರೆ ಮೊದಲು ಬೆಲ್ಟ್ ಬಿಗಿ, ಅರ್ತ್ ವೈರು ನೋಡಿಸಿ.

ಮುಂದೆ ಫ್ರಿಜ್, ಎರಡನೇ ಬ್ಯಾಟರಿ ಸೇರಿಸಿದರೆ ದೊಡ್ಡದನ್ನು ಯೋಚಿಸಬಹುದು. ಆಗ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ವೈರು, ಫ್ಯೂಸು ಎರಡನ್ನೂ ಬದಲಿಸಲೇಬೇಕು, ಹಳೆ ವೈರು ಕಾದು ಬೆಂಕಿ ಹತ್ತೀತು. ಐಡಲ್‌ನಲ್ಲಿ ಎಷ್ಟು ಆಂಪಿಯರ್ ಅನ್ನುವ ಚಾರ್ಟ್ ತೋರಿಸದ ಅಂಗಡಿಯಲ್ಲಿ ಮಾತ್ರ ಕೊಳ್ಳಬೇಡಿ.