ಮೋಡವಿಲ್ಲದ ರಾತ್ರಿಯ ಗುಡುಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಸಣ್ಣ ಊರು. ಮಳೆಗಾಲ ಮುಗಿಯುವ ಹೊತ್ತಿಗೆ, ಆಕಾಶದಲ್ಲಿ ಮೋಡವೇ ಇಲ್ಲದ ರಾತ್ರಿಗಳಲ್ಲಿ, ಕಾಲ ಕೆಳಗೆ ಗುಡುಗಿದಂತೆ ಸದ್ದಾಗುತ್ತದೆ. ಅಡುಗೆಮನೆಯ ಪಾತ್ರೆಗಳು ಒಮ್ಮೆ ಝಲ್ಲೆಂದು ಸುಮ್ಮನಾಗುತ್ತವೆ. ಬೆಳಗ್ಗೆ ಪಕ್ಕದ ಊರಿನವರನ್ನು ಕೇಳಿದರೆ ತಮಗೇನೂ ಕೇಳಿಸಲಿಲ್ಲ ಎನ್ನುತ್ತಾರೆ. ಕೆಲವರು ಇದನ್ನು ಗಣಿಯ ಸ್ಫೋಟ ಎನ್ನುತ್ತಾರೆ. ನಮ್ಮ ಆಯಿ ಭೂತಾಯಿ ಮಗ್ಗುಲು ಬದಲಿಸಿದಳು ಎನ್ನುತ್ತಾರೆ. ಭೂಕಂಪವಾದರೆ ನೆಲ ನಡುಗಬೇಕಲ್ಲವೇ, ಬರೀ ಸದ್ದೇಕೆ?

ಉತ್ತರ: ತಾವು ಕೇಳಿದ್ದು ಭ್ರಮೆಯಲ್ಲ. ತಮ್ಮ ಆಯಿಯವರ ಮಾತು ಗಣಿಯ ಮಾತಿಗಿಂತ ಸತ್ಯಕ್ಕೆ ಹತ್ತಿರವಾಗಿದೆ. ನೆಲದಾಳದಲ್ಲಿ ಹಳೆಯ ಬಿರುಕೊಂದರ ಎರಡು ಬದಿಯ ಬಂಡೆಗಳು ಕೂದಲೆಳೆಯಷ್ಟು ಜರುಗಿದರೂ ಅಲ್ಲಿಂದ ಅಲೆಗಳು ಹೊರಡುತ್ತವೆ. ಮೊದಲು ಹೊರಡುವ ಅಲೆಯು ಗಾಳಿಯಲ್ಲಿ ಸಾಗುವ ಶಬ್ದದಂತೆಯೇ ಬಂಡೆಯನ್ನು ಒತ್ತುತ್ತ, ಸಡಿಲಿಸುತ್ತ, ಸೆಕೆಂಡಿಗೆ ಐದಾರು ಕಿಲೋಮೀಟರ್ ವೇಗದಲ್ಲಿ ಮೇಲೇರುತ್ತದೆ. ಅದು ನೆಲದ ಮೇಲ್ಮೈಯನ್ನು ತಲುಪಿದಾಗ ನೆಲವೇ ಡೋಲಿನ ಚರ್ಮದಂತೆ ಕಂಪಿಸಿ, ಮೇಲಿನ ಗಾಳಿಯನ್ನು ನೂಕುತ್ತದೆ. ಆ ಕಂಪನ ಸೆಕೆಂಡಿಗೆ 20 ಸಲಕ್ಕಿಂತ ಹೆಚ್ಚಾಗಿದ್ದರೆ ಮನುಷ್ಯನ ಕಿವಿಗೆ ಅದು ಸದ್ದಾಗಿ ಕೇಳಿಸುತ್ತದೆ. ಭೂಕಂಪ ಎಷ್ಟು ಚಿಕ್ಕದೋ ಅಷ್ಟು ಚುರುಕಾದ ಅಲೆಗಳು ಅದರಲ್ಲಿರುತ್ತವೆ. ಆದ್ದರಿಂದಲೇ ಮೈಗೆ ನಡುಕ ತಿಳಿಯದಷ್ಟು ಸಣ್ಣ ಕಂಪನವೂ ಕಿವಿಗೆ ಗುಡುಗಾಗಿ ಕೇಳಿಸಬಲ್ಲದು. ಆದರೆ ಇಂಥ ಚುರುಕು ಅಲೆಗಳನ್ನು ಬಂಡೆ ಮತ್ತು ಮಣ್ಣು ಬಹುಬೇಗ ಹೀರಿಕೊಳ್ಳುತ್ತವೆ. ತಮ್ಮ ಊರಿನ ಕೆಳಗೇ, ಹೆಚ್ಚು ಆಳವಿಲ್ಲದ ಕಡೆ ಹುಟ್ಟಿದ ಸದ್ದು ಪಕ್ಕದ ಊರಿಗೆ ಮುಟ್ಟದಿರುವುದಕ್ಕೆ ಇದೇ ಕಾರಣ.

ಗಣಿಯ ಸ್ಫೋಟವೋ ಅಲ್ಲವೋ ಎಂಬುದನ್ನು ತಾವೇ ಪರೀಕ್ಷಿಸಬಹುದು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣದ ಕಲ್ಲಿನ ಗಣಿಗಳಿರುವುದರಿಂದ ಈ ಸಂಶಯ ಸಹಜವಾದದ್ದೇ. ಮೂರು ಕಿಲೋಮೀಟರ್ ದೂರದಲ್ಲಿ ಸಿಡಿಮದ್ದು ಸಿಡಿದರೆ ನೆಲದ ಮೂಲಕ ಬರುವ ಅದುರು ಒಂದು ಸೆಕೆಂಡಿನ ಆಸುಪಾಸಿನಲ್ಲೇ ತಲುಪುತ್ತದೆ, ಆದರೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವ ಶಬ್ದಕ್ಕೆ ಒಂಬತ್ತು ಸೆಕೆಂಡು ಬೇಕಾಗುತ್ತದೆ. ಪಾತ್ರೆ ಅಲುಗಿ, ಒಂದೆರಡು ಉಸಿರಿನ ನಂತರ ಒಂದು ದಿಕ್ಕಿನಿಂದ ಸದ್ದು ಬಂದರೆ ಅದು ಸ್ಫೋಟ. ಸದ್ದು ಮತ್ತು ಅಲುಗಾಟ ಎರಡೂ ಒಟ್ಟೊಟ್ಟಿಗೆ ಕಾಲ ಕೆಳಗಿನಿಂದಲೇ ಎದ್ದಂತೆ ಅನ್ನಿಸಿದರೆ ಅದು ಭೂಮಿಯದೇ ಸದ್ದು.

ಮಳೆಗಾಲದ ಕೊನೆಗೇ ಇದು ಹೆಚ್ಚುವುದೂ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಮಳೆಯ ನೀರು ಬಂಡೆಗಳ ಸಂದುಗಳಲ್ಲಿ ಇಳಿದು ಒತ್ತಡ ಹೆಚ್ಚಿಸಿದಾಗ, ಮೊದಲೇ ಬಿಗಿದು ನಿಂತಿದ್ದ ಬಿರುಕುಗಳು ಜಾರುತ್ತವೆ. ತಮ್ಮ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಊರುಗಳಲ್ಲಿ 2021ರ ಅಕ್ಟೋಬರಿನಲ್ಲಿ ಇಂಥ ಸದ್ದುಗಳು ಮತ್ತೆ ಮತ್ತೆ ಕೇಳಿಬಂದು, 11ರ ರಾತ್ರಿ 4.1 ತೀವ್ರತೆಯ ಕಂಪನವಾದಾಗ ಜನರು ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಅನೇಕರು ಊರನ್ನೇ ಬಿಟ್ಟು ಹೋದರು. ದೂರದಲ್ಲಿ ಕುಳಿತು ಆ ಭಯವನ್ನು ಅತಿರೇಕ ಎನ್ನುವುದು ಅನ್ಯಾಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಬಲಿ ಪಡೆದ ಭೂಕಂಪವಾದಾಗ ಕಲಬುರಗಿಯಲ್ಲಿ ಅಂಗಳಕ್ಕೆ ಓಡಿ ಬಂದವರಲ್ಲಿ ನಾನೂ ಒಬ್ಬ. ಅದನ್ನು ಕಂಡ ಪೀಳಿಗೆಗೆ ನೆಲದ ಸದ್ದು ಬರೀ ಸದ್ದಲ್ಲ.

ಹಾಗೆಂದು ಪ್ರತಿ ಗುಡುಗೂ ಕಿಲ್ಲಾರಿಯ ಮುನ್ಸೂಚನೆಯಲ್ಲ. ಸಣ್ಣ ಕಂಪನಗಳ ಸರಣಿಗಳು ಹೆಚ್ಚಿನ ಕಡೆ ತಾವಾಗಿಯೇ ಅಡಗುತ್ತವೆ, ಮುಂದಿನದು ಯಾವಾಗ ಎಂದು ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ದಿನಾಂಕ ಸಹಿತ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ದಯವಿಟ್ಟು ನಂಬಬೇಡಿರಿ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಮೇಲಿನ ಭಾರವಾದ ಮಾಳಿಗೆ. ತಮ್ಮ ಮನೆಯೂ ಅಂಥದ್ದಾಗಿದ್ದರೆ, ಸದ್ದುಗಳು ಹೆಚ್ಚಿದ ದಿನಗಳಲ್ಲಿ ಆಯಿಯವರ ಹಾಸಿಗೆಯನ್ನು ಗೋಡೆಯಿಂದ ದೂರ, ಬಾಗಿಲಿಗೆ ಹತ್ತಿರ ಹಾಕಿರಿ. ಸದ್ದಾದ ದಿನ, ಗಂಟೆ, ನಿಮಿಷಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ತಹಶೀಲ್ದಾರರ ಕಚೇರಿಗೆ ತಲುಪಿಸಿರಿ. ಭೂಕಂಪ ಅಳೆಯುವ ಯಂತ್ರದ ದಾಖಲೆಯೊಂದಿಗೆ ತಾಳೆ ನೋಡಲು ಅಂಥ ಬರಹ ಬೇಕಾಗುತ್ತದೆ.

ಪ್ರಶ್ನೆ: ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧ ಸ್ಪಷ್ಟವಾಗಿ ಕಾಣುತ್ತಾನೆ, ಸ್ವಲ್ಪ ಮುಂದೆ ಹೋದರೆ ಮಾಯವಾಗುತ್ತಾನೆ. ಏಕೆ? (ಯಾದಗಿರಿಯಿಂದ)

ಉತ್ತರ: ಹಣೆ, ಮೂಗು, ಎದೆ ಎಲ್ಲವೂ ಒಂದೇ ಬೆಟ್ಟದಲ್ಲಿಲ್ಲ, ಬೇರೆ ಬೇರೆ ದೂರದಲ್ಲಿರುವ ಗುಡ್ಡಗಳು ಒಂದು ಜಾಗದಿಂದ ನೋಡಿದಾಗ ಮಾತ್ರ ಒಂದೇ ಗೆರೆಯಲ್ಲಿ ಕೂಡುತ್ತವೆ. ಅರೆಬರೆ ಗೆರೆಯಲ್ಲೂ ಮುಖವನ್ನು ಹುಡುಕುವುದು ಮನುಷ್ಯನ ಮಿದುಳಿನ ಹುಟ್ಟುಗುಣ. ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗಳು ಸವೆದು ಈ ಆಕಾರ ತಾಳಿದ್ದು ನನಗೆ ಇಂದಿಗೂ ಬೆರಗಿನ ಸಂಗತಿಯೇ.

ಪ್ರಶ್ನೆ: ನಮ್ಮ ಮನೆಯ ಮೂಲೆಯ ಗೋಡೆಯಲ್ಲಿ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ತಾನಾಗಿಯೇ ಮುಚ್ಚುತ್ತದೆ. ವಾಸ್ತುದೋಷವೆಂದು ಬಾಗಿಲು ಬದಲಿಸಲು ಹೇಳಿದ್ದಾರೆ. (ಕಲಬುರಗಿಯಿಂದ)

ಉತ್ತರ: ಬಾಗಿಲಿಗೆ ಹಣ ಸುರಿಯಬೇಡಿರಿ. ತಮ್ಮ ಮನೆ ಎರೆಮಣ್ಣಿನ ಮೇಲೆ ನಿಂತಿರಬೇಕು. ಆ ಮಣ್ಣಿನ ಕಣಗಳು ಹಾಳೆಗಳ ಕಟ್ಟಿನಂತಿದ್ದು, ನಡುವೆ ನೀರು ಸೇರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಮನೆಯ ಹೊರ ಅಂಚಿನ ಮಣ್ಣು ಒಣಗಿ ಮೂಲೆ ಕುಸಿಯುತ್ತದೆ, ಮನೆಯ ನಡುವಿನ ನೆಲದಲ್ಲಿ ತೇವ ಉಳಿದಿರುತ್ತದೆ. ಹೀಗಾಗಿ ಗೋಡೆ ಓರೆಯಾಗಿ ಸೀಳುತ್ತದೆ. ಜೂನ್ ಬಂದು ಮಣ್ಣು ಉಬ್ಬಿದಾಗ ಮೂಲೆ ಮೇಲೆದ್ದು ಸೀಳು ಕೂಡಿಕೊಳ್ಳುತ್ತದೆ. ಗೋಡೆಗೆ ಒತ್ತಿ ಬೇವಿನ ಮರವಿದ್ದರೆ ಅದರ ಬೇರು ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ.

ಈಗಲೇ ಬಿರುಕಿನ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಎರಡೂ ಬದಿಗೆ ಅಂಟಿಸಿ, ದಿನಾಂಕ ಬರೆಯಿರಿ. ಗಾಜು ಒಡೆದ ದಿನ ಗೋಡೆ ಸರಿದಿದೆ ಎಂದರ್ಥ. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲ ಎರೆಮಣ್ಣು ತೆಗೆದು ಮುರಂ ತುಂಬಿ, ಮೇಲೆ ಹೊರಕ್ಕೆ ಇಳಿಜಾರಾಗಿ ಪರಸಿ ಕಲ್ಲು ಹಾಸಿ, ಬಚ್ಚಲಿನ ಮತ್ತು ಮಾಳಿಗೆಯ ನೀರು ತಳಪಾಯದ ಕಡೆ ನಿಲ್ಲದಂತೆ ಮಾಡಿರಿ. ಮಳೆಗಾಲದಲ್ಲೂ ಬಿರುಕು ಮುಚ್ಚದೆ ಉಳಿದರೆ, ತಡಮಾಡದೆ ತಳಪಾಯವನ್ನು ಎಂಜಿನಿಯರರಿಗೆ ತೋರಿಸಿರಿ.